ಮಾವ, ಅಳಿಯ ಮತ್ತು ಒಂದು ಜೊತೆ ಕಾಲುಚೀಲ

ಮಾವ ಮತ್ತು ಅಳಿಯ ಒಂದು ಕೋಣೆಯಲ್ಲಿ ಕುಳಿತು ಏನು ಮಾತಾಡಬೇಕು ಎಂಬುದನ್ನು ನಮ್ಮ ಹಿರಿಯರು ಎಲ್ಲಿಯೂ ಹೇಳಿಟ್ಟಿಲ್ಲ. ಮದುವೆಯಲ್ಲಿ ಅಳಿಯನ ಕಾಲು ತೊಳೆದ ಮೇಲೆ ಮಾವನಿಗೆ ಹೇಳುವುದಕ್ಕೆ ಇನ್ನೇನು ಉಳಿದಿರುತ್ತದೆ? ನನ್ನ ಮಾವ ಮೈಸೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟರಾಗಿ ನಿವೃತ್ತರಾದವರು. ನನ್ನ ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಒಟ್ಟುಗೂಡಿಸಿದರೆ "ಊಟ ಆಯ್ತಾ?", "ಆಯ್ತು ಮಾವ" ಎಂಬಷ್ಟಕ್ಕೆ ಮುಗಿಯುತ್ತಿತ್ತು. ಅದರಿಂದ ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ, ಏಕೆಂದರೆ ಅವರು ಮೈಸೂರಿನಲ್ಲಿದ್ದರು, ನಾನು ಅಡಿಲೇಡಿನಲ್ಲಿದ್ದೆ.

ಈ ಸಲ ಅವರು ಜೂನ್ ತಿಂಗಳಿನಲ್ಲಿ ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಮನೆಗೆ ಬಂದರು. ಇಲ್ಲಿ ಜೂನ್ ಎಂದರೆ ಚಳಿಗಾಲ. ಮೊದಲು ನಾವು ಚಳಿ ಕಡಿಮೆಯಿರುವ ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿದ್ದಾಗ ಕಾಲುಚೀಲ ಎಂಬುದು ಆಫೀಸಿಗೆ ಮಾತ್ರ ಹಾಕುವ ವಸ್ತುವಾಗಿತ್ತು. ಅಡಿಲೇಡಿಗೆ ಬಂದ ಮೇಲೆ ಅದಿಲ್ಲದೆ ಅಡುಗೆಮನೆಗೂ ಹೋಗಲಾಗದು. ನನ್ನ ಹೆಂಡತಿ ಸುಧಾ ಆಸ್ಪತ್ರೆಯಲ್ಲಿ ಡಾಕ್ಟರು. ಶನಿವಾರಗಳಂದೂ ಅವಳಿಗೆ ಡ್ಯೂಟಿ. ಹೊರಡುವಾಗ ಒಂದು ದಿನ, "ರೀ, ಅಪ್ಪನ್ನ ಸುಮ್ನೆ ಹೀಟರ್ ಮುಂದೆ ಕೂರಿಸ್ಬೇಡಿ. ಲೈಬ್ರರಿಗಾದ್ರೂ ಕರ್ಕೊಂಡ್ಹೋಗಿ" ಎಂದಳು.

ಕರೆದುಕೊಂಡು ಹೋದೆ. ಲೈಬ್ರರಿಯಲ್ಲಿ ಬೆಚ್ಚಗಿದ್ದದ್ದು ಒಂದೇ ಮೂಲೆ. ಅಲ್ಲಿ ಏಳೆಂಟು ಮಂದಿ ಹೆಂಗಸರು ವೃತ್ತಾಕಾರದಲ್ಲಿ ಕುಳಿತು ಉಣ್ಣೆ ಹೆಣೆಯುತ್ತಿದ್ದರು. ಪಕ್ಕದಲ್ಲೇ ಎರಡು ಕುರ್ಚಿ ಖಾಲಿಯಿದ್ದವು. ನಾವು ಚಳಿ ಕಾಯಿಸಿಕೊಳ್ಳಲು ಕುಳಿತೆವು. ಆ ಗುಂಪಿನ ಹಿರಿಯರಾದ ಹೆದರ್ ಎಂಬವರು ನಮ್ಮನ್ನು ಹೊಸ ವಿದ್ಯಾರ್ಥಿಗಳೆಂದು ತಿಳಿದು, ಬಹಳ ಸಂತೋಷದಿಂದ ಇಬ್ಬರ ಕೈಗೂ ಕಡ್ಡಿ ಮತ್ತು ಉಣ್ಣೆಯ ಉಂಡೆ ಕೊಟ್ಟುಬಿಟ್ಟರು. ಮಾವ ಬೇಡ ಅನ್ನುತ್ತಾರೆ ಎಂದು ನಾನು ಕಾದೆ. ಅಳಿಯಂದಿರಿಗೆ ಆಸೆಯಿರಬೇಕು ಎಂದು ಅವರು ಸುಮ್ಮನಿದ್ದರಂತೆ. ಹೀಗೆ ಒಬ್ಬರ ಮೇಲೊಬ್ಬರಿಗಿದ್ದ ಮರ್ಯಾದೆಯಿಂದಾಗಿ ಇಬ್ಬರು ಗಂಡಸರು ಹೆಣಿಗೆ ಕಲಿಯುವಂತಾಯಿತು.

ಕೆಲವು ವಾರ ಅಂಗೈಯಗಲದ ಚೌಕಗಳನ್ನು ಹೆಣೆದ ಮೇಲೆ ಹೆದರ್, ಇನ್ನು ಕಾಲುಚೀಲಕ್ಕೆ ಕೈಹಾಕಿ ಎಂದರು. ಸುಧಾಳ ಪಾದ ಚಳಿಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಯಂತಿರುತ್ತದೆ. ಅವಳಿಗೇ ಒಂದು ಜೊತೆ ಆಗಲಿ, ಎಡಗಾಲಿನದು ಮಾವನದು, ಬಲಗಾಲಿನದು ನನ್ನದು ಎಂದು ಹಂಚಿಕೊಂಡೆವು. ನಾನು ಸ್ಯಾಲಿಸ್‌ಬರಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಭಾಗಗಳ ವಿನ್ಯಾಸ ಮಾಡುವ ಎಂಜಿನಿಯರು. ಒಂದು ಕಾಲುಚೀಲ ಎಷ್ಟರದು ಎಂದುಕೊಂಡಿದ್ದೆ. ಆದರೆ ನಾಲ್ಕು ಕಡ್ಡಿಗಳನ್ನು ಏಕಕಾಲಕ್ಕೆ ಹಿಡಿಯುವುದೆಂದರೆ ಮುಳ್ಳುಹಂದಿಯನ್ನು ಮುದ್ದಿಸಿದಂತೆ. ಒಂದನ್ನು ಹಿಡಿದರೆ ಇನ್ನೊಂದು ಸೋಫಾದ ಕೆಳಗೆ ಹೋಗುತ್ತಿತ್ತು.

ಗಂಡಾಂತರ ಬಂದದ್ದು ಹಿಮ್ಮಡಿಯಲ್ಲಿ. ನೆಟ್ಟಗೆ ಇಳಿದು ಬಂದ ಚೀಲ ಅಲ್ಲಿ ತಿರುವು ತೆಗೆದುಕೊಳ್ಳಬೇಕು. ಒಂದು ಭಾನುವಾರ ಬೆಳಿಗ್ಗೆ ಮಾವ ತುಟಿಯಲ್ಲೇ ಎಣಿಸುತ್ತ ತಿರುವಿನಲ್ಲಿದ್ದರು. ನಾನು ಇಣುಕಿ ನೋಡಿ, "ಮಾವ, ಅಲ್ಲೊಂದು ಕುಣಿಕೆ ಬಿಟ್ಟುಹೋಗಿದೆ" ಎಂದೆ.

"ಇಲ್ಲ, ಎಣಿಸಿದೀನಿ" ಎಂದರು ಅವರು, ತಲೆ ಎತ್ತದೆ.

"ಇಲ್ಲಿ ನೋಡಿ, ತೂತು ಕಾಣ್ತಿದೆ" ಎಂದು ತೋರಿಸಲು ಹೋಗಿ ನಾನು ಎಳೆಯನ್ನು ಸ್ವಲ್ಪ ಎಳೆದೆ. ಸ್ವಲ್ಪವೇ. ಕಡ್ಡಿಯೊಂದು ಜಾರಿತು, ಅವರ ಒಂದು ವಾರದ ದುಡಿಮೆ ಸರಸರನೆ ಬಿಚ್ಚಿಕೊಂಡು ಮಡಿಲಲ್ಲಿ ಶಾವಿಗೆಯಂತೆ ಬಿತ್ತು. ಮಾವ ಅದನ್ನು ಸ್ವಲ್ಪ ಹೊತ್ತು ನೋಡಿದರು. ಕನ್ನಡಕ ತೆಗೆದು ಮಡಚಿದರು. ಎದ್ದು ತಮ್ಮ ಕೋಣೆಗೆ ಹೋದರು.

ಮಧ್ಯಾಹ್ನ ಊಟಕ್ಕೆ ಬಂದರೂ ಮಾತಿಲ್ಲ. ನಮ್ಮ ಹಳೆಯ ಮೌನಕ್ಕೂ ಈ ಮೌನಕ್ಕೂ ವ್ಯತ್ಯಾಸವಿತ್ತು. ಅದು ಮರ್ಯಾದೆಯದು, ಇದು ಬೇರೆ ಜಾತಿಯದು. ಸುಧಾ ನನ್ನನ್ನು ಅಡುಗೆಮನೆಗೆ ಕರೆದು, "ಏನ್ರೀ ಮಾಡಿದ್ರಿ ಅಪ್ಪಂಗೆ? ಎರಡನೇ ಸಲ ಸಾರೂ ಹಾಕಿಸ್ಕೊಳ್ಳಲಿಲ್ಲ" ಎಂದಳು. ಎಳೆ ಎಳೆದೆ ಎಂದು ಹೇಗೆ ಹೇಳುವುದು? ಅವರು ಊರಿಗೆ ಹೊರಟುಬಿಟ್ಟರೆ ನೆಂಟರಿಗೆಲ್ಲ ಏನೆಂದು ಕಾರಣ ಕೊಡುವುದು?

ಸಂಜೆ ಮಾವ ಕಡ್ಡಿಗಳನ್ನು ಹಿಡಿದು ತಾವೇ ಬಂದು ಪಕ್ಕದಲ್ಲಿ ಕುಳಿತರು. "ಅಳಿಯಂದ್ರೇ, ನೀವ್ ಹೇಳಿದ್ದು ಸರಿ. ಒಂದು ಬಿಟ್ಟಿತ್ತು" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದರು: "ನಿಮ್ಮದ್ರಲ್ಲಿ ಮೂರು ಬಿಟ್ಟಿದೆ. ಮೊನ್ನೇನೇ ನೋಡಿದ್ದೆ. ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಿದ್ದೆ."

ನಗು ನನಗೆ ಮೊದಲು ಬಂತು, ಆಮೇಲೆ ಅವರಿಗೂ ಬಂತು. ಅಲ್ಲಿಂದ ಮಾತು ಶುರುವಾಯಿತು. ಕೈಯಲ್ಲಿ ಕೆಲಸವಿದ್ದು ಕಣ್ಣು ಅದರ ಮೇಲಿದ್ದರೆ ಎಂಥವರೂ ಮಾತಾಡುತ್ತಾರೆ. ಒಂದು ದಿನ ಅವರು ಎಳೆ ಸುತ್ತುತ್ತ, "ನಿಮ್ಮ ಸಂಬಂಧ ಬಂದಾಗ ನಾನು ಬೇಡ ಅಂದಿದ್ದೆ" ಎಂದರು.

"ಯಾಕೆ ಮಾವ?"

"ಹುಡುಗ ಜಾಸ್ತಿ ಮಾತಾಡ್ತಾನೆ ಅಂತ ಯಾರೋ ಹೇಳಿದ್ರು. ಆಮೇಲೆ ನೋಡಿದ್ರೆ ನೀವು ಬಾಯೇ ಬಿಡಲಿಲ್ಲ. ನನ್ನ ಮಗಳಿಗೆ ಮೂಗನ್ನ ಕಟ್ಟಿದ್ನಲ್ಲ ಅಂತ ಚಿಂತೆ ಆಯ್ತು."

ಕಾಲುಚೀಲಗಳು ಕೊನೆಗೂ ಮುಗಿದವು. ಅವರದು ಬಿಗಿ, ನನ್ನದು ಸಡಿಲ. ನನ್ನದರಲ್ಲಿ ಸೇರು ಅಕ್ಕಿ ತುಂಬಬಹುದಿತ್ತು. ಸುಧಾ ಎರಡನ್ನೂ ಹಾಕಿಕೊಂಡು ಮನೆಯೆಲ್ಲ ಓಡಾಡಿ, "ಬೆಚ್ಚಗಿದೆ" ಎಂದಳು. ಎಡಗಾಲನ್ನು ಒಂದೆರಡು ಸಲ ಒದರಿದ್ದನ್ನು, ಬಲಗಾಲಿನದನ್ನು ಆಗಾಗ ಮೇಲಕ್ಕೆಳೆದುಕೊಂಡದ್ದನ್ನು ಮಾವನೂ ನೋಡಿದರು, ನಾನೂ ನೋಡಿದೆ.

ಆಗಸ್ಟಿನಲ್ಲಿ ಮಾವ ಪರ್ತಿನಲ್ಲಿರುವ ಕಿರಿಯ ಮಗಳ ಮನೆಗೆ ಹೋದರು. ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಸುಧಾಳೊಡನೆ ಎರಡು ಮಾತಾಡಿ, "ಅವರಿಗೆ ಕೊಡಮ್ಮ" ಎನ್ನುತ್ತಾರೆ. ಮೊನ್ನೆ ದನಿ ಬಹಳ ಉತ್ಸಾಹದಲ್ಲಿತ್ತು. "ಇಲ್ಲಿ ನಮ್ಮ ಚಿಕ್ಕ ಅಳಿಯಂದ್ರಿಗೂ ಹೇಳ್ಕೊಟ್ಟೆ. ಏನ್ ಕೈ ಅಂತೀರಿ ಅವರದ್ದು! ಹಿಮ್ಮಡಿ ಮೊದಲ್ನೇ ಸಲಕ್ಕೇ ಕೂತ್ಬಿಡ್ತು. ಸಂಜೆಯೆಲ್ಲ ಇಬ್ರೂ ಹೆಣೀತಾ ಮಾತಾಡ್ತಾ ಕೂತಿರ್ತೀವಿ."

"ಬಹಳ ಸಂತೋಷ ಮಾವ" ಎಂದೆ.

ಫೋನಿಟ್ಟ ಮೇಲೆ ಸುಧಾ ನನ್ನನ್ನೇ ನೋಡಿ, "ಏನಾಯ್ತು ರೀ, ಮುಖ ಯಾಕೆ ಹಾಗಿದೆ?" ಎಂದಳು.

"ಏನಿಲ್ಲ. ಈ ವೀಕೆಂಡ್ ಡ್ಯೂಟಿಗೆ ರಜಾ ಹಾಕಿ ಪರ್ತಿಗೆ ಹೋಗ್ಬರೋಣ್ವಾ? ನನ್ನ ಷಡ್ಡಕನ್ನ ನೋಡಿ ಬಹಳ ದಿನ ಆಯ್ತು."

"ಅವರನ್ನ ಕಂಡ್ರೆ ನಿಮಗಾಗಲ್ವಲ್ಲ?"

"ಮಾತಾಡೋಕಲ್ಲ. ಅವನ ಹಿಮ್ಮಡಿಯನ್ನೊಮ್ಮೆ ನೋಡ್ಬೇಕು" ಎಂದೆ.