ಟೈಮಿಗೆ ಸರಿಯಾಗಿ ಬಂದವನು

ಹಳೆಯ ಹಳಿ ಕಿತ್ತು ಹೊಸದನ್ನು ಹಾಕುವ ಕೆಲಸ ಶುರುವಾದದ್ದರಿಂದ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು ನಿಂತುಹೋಯಿತು. ಅದರ ಜೊತೆಗೆ ಮೋಹನ್‌ಕುಮಾರನ ಮರ್ಯಾದೆಯೂ ನಿಂತುಹೋಯಿತು. ಅಲ್ಲಿಯವರೆಗೆ ಅವನು ಪಾಸ್ ಇದ್ದ ಮನುಷ್ಯ. ಕಿಟಕಿ ಪಕ್ಕ ಕೂತು ಪೇಪರ್ ಓದಿ, ಒಂದು ಸಣ್ಣ ನಿದ್ದೆಯನ್ನೂ ಮುಗಿಸಿ, ಇಸ್ತ್ರಿ ಮುರಿಯದ ಅಂಗಿಯಲ್ಲಿ ದುರ್ಗದ ಆಫೀಸಿಗೆ ಹೋಗುತ್ತಿದ್ದವನು. ಬಸ್ಸಿನ ಜನರನ್ನು ಅವನು ನೋಡುತ್ತಿದ್ದದ್ದು ರೈಲ್ವೆ ಗೇಟು ಹಾಕಿದಾಗ ಮಾತ್ರ, ಅದೂ ಕಿಟಕಿಯಿಂದ, ಕನಿಕರಪಟ್ಟು.

ಆ ಕನಿಕರವನ್ನು ಬಸ್ಸಿನ ಜನ ಮರೆತಿರಲಿಲ್ಲ. ಲೈನ್ ಬಂದಾದ ಮೇಲೆ ಅವನು ಬಸ್‌ಸ್ಟ್ಯಾಂಡಿಗೆ ಕಾಲಿಟ್ಟಾಗಲೆಲ್ಲ ಅಲ್ಲಿನ ಖಾಯಂ ಗಿರಾಕಿಗಳಲ್ಲಿ ಯಾರಾದರೊಬ್ಬರು, "ರೈಲಿನೋರು ಬಂದ್ರು, ದಾರಿ ಬಿಡ್ರಪ್ಪ. ಯಾವ ಕಡೆ ಕಿಟಕಿ ಬೇಕಂತೆ ಕೇಳ್ರಿ" ಎನ್ನುವುದು, ಉಳಿದವರು ದಾರಿ ಬಿಡದಿರುವುದು, ಒಂದು ಪದ್ಧತಿಯೇ ಆಗಿಹೋಗಿತ್ತು.

ಈ ದಿನ ಮಾತ್ರ ಅವನು ಎಂಥ ಮಾತಿಗೂ ಬಗ್ಗುವವನಾಗಿರಲಿಲ್ಲ. ಅವನ ಇಲಾಖೆಯ ಹೊಳಲ್ಕೆರೆ ಶಾಖೆಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ರೈಲು ಮತ್ತೆ ಓಡುವವರೆಗೆ ಅಲ್ಲಿಗೆ ಒಬ್ಬರನ್ನು ನಿಯೋಜನೆ ಮೇಲೆ ಕಳಿಸುತ್ತೇನೆಂದು ದುರ್ಗದ ಆಫೀಸಿನ ಗೋವಿಂದಯ್ಯ ಸಾಹೇಬರು ಹೇಳಿದ್ದರು. ಆ ಕುರ್ಚಿ ಮೋಹನ್‌ಕುಮಾರನ ಮನೆಗೆ ಎಷ್ಟು ಹತ್ತಿರವೆಂದರೆ ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಂಡು, ಹತ್ತು ನಿಮಿಷ ಅಡ್ಡಾಗಿ, ವಾಪಸ್ ಹೋಗಿ ಕೂರಬಹುದು. ಅದರ ಮೇಲೆ ಕಣ್ಣಿಟ್ಟವರು ಇಬ್ಬರೇ: ಒಬ್ಬ ಇವನು, ಇನ್ನೊಬ್ಬಳು ಇವನ ಪಕ್ಕದ ಮೇಜಿನ ಉಷಾರಾಣಿ. ಅವಳೂ ಹೊಳಲ್ಕೆರೆಯಿಂದಲೇ ಓಡಾಡುತ್ತಿದ್ದವಳು. ಇಬ್ಬರ ಕಷ್ಟವನ್ನೂ ನೋಡಿ ನಾಳೆ ಬೆಳಿಗ್ಗೆ ಬಂದ ಕೂಡಲೇ ಸಹಿ ಹಾಕುತ್ತೇನೆ ಎಂದು ಸಾಹೇಬರು ಹಿಂದಿನ ಸಂಜೆ ತಿಳಿಸಿದ್ದರು.

ಮೋಹನ್‌ಕುಮಾರನ ಹೆಂಡತಿ ಮೇಘಶ್ರೀಗೆ ಸರ್ಕಾರ ನಡೆಯುವ ರೀತಿ ಗಂಡನಿಗಿಂತ ಚೆನ್ನಾಗಿ ಗೊತ್ತು ಎಂಬ ನಂಬಿಕೆ ಆ ಮನೆಯಲ್ಲಿ ಇಬ್ಬರಿಗೂ ಇತ್ತು.

"ಸಾಹೇಬ್ರು ಬರೋ ಹೊತ್ತಿಗೆ ಹೋಗಿ ಎದುರಿಗೆ ನಿಂತ್ಕಂಬಿಡ್ರಿ" ಎಂದು ಅವಳು ಬುತ್ತಿ ಕಟ್ಟುತ್ತ ಹೇಳಿದಳು. "ಕಣ್ಣೆದುರಿಗೆ ಇದ್ದೋರನ್ನ ಬಿಟ್ಟು, ಇಲ್ಲದೋರಿಗೆ ಯಾರೂ ಕೊಡಲ್ಲ."

ಮೊದಲ ಬಸ್ಸು ನಿಲ್ಲಲೇ ಇಲ್ಲ. ಎರಡನೆಯದು ನಿಂತಿತು, ಆದರೆ ಬಾಗಿಲಲ್ಲಿ ಜೇನುಹುಟ್ಟಿನಂತೆ ಜೋತುಬಿದ್ದಿದ್ದವರಲ್ಲಿ ಒಬ್ಬನೂ ಅಲುಗಾಡಲಿಲ್ಲ. ಮೂರನೆಯದಕ್ಕೆ ಮೋಹನ್‌ಕುಮಾರನ ಬ್ಯಾಗು ಹತ್ತಿತು, ಅವನು ಹತ್ತಲಿಲ್ಲ. ಬಸ್ಸಿನ ಹಿಂದೆ ಓಡಿ ಬ್ಯಾಗನ್ನು ಇಳಿಸಿಕೊಂಡು ರಸ್ತೆ ಬದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದಾಗ ಒಂದು ಬಿಳಿ ಕಾರು ಅವನ ಪಕ್ಕ ಬಂದು ನಿಂತಿತು. ಕಿಟಕಿಯಿಂದ ರುಮಾಲು ಸುತ್ತಿದ ತಲೆಯೊಂದು ಹೊರಬಂದು, ಸಂತೆಯಲ್ಲಿ ಹೋರಿಯ ಸುಳಿ ನೋಡುವ ಹಾಗೆ ಅವನನ್ನು ಮೇಲಿಂದ ಕೆಳಗೆ ನೋಡಿತು.

"ದುರ್ಗಕ್ಕಾ? ಹತ್ರಿ, ಹೋಗಾಣ."

ಲೋಕದಲ್ಲಿ ಇನ್ನೂ ಧರ್ಮ ಉಳಿದಿದೆ ಎಂದುಕೊಂಡು ಅವನು ಹತ್ತಿದ. ಊರು ದಾಟಿದ ಮೇಲೆ ಆ ಧರ್ಮದ ವಿವರಗಳು ಒಂದೊಂದಾಗಿ ಹೊರಬಂದವು. ರುಮಾಲಿನವರು ತಿಪ್ಪೇರುದ್ರಪ್ಪ. ಕಾರು ಓಡಿಸುತ್ತಿದ್ದವನು ಅವರ ಅಕ್ಕನ ಮಗ ದುರುಗೇಶ್, ಮೊಬೈಲ್ ಅಂಗಡಿ ಇಟ್ಟವನು. ಹಿಂದಿನ ಸೀಟಿನಲ್ಲಿ ಮಡಿಲ ತುಂಬ ಹೂವು ಹಣ್ಣು ಇಟ್ಟುಕೊಂಡು ಕೂತಿದ್ದಾಕೆ ಅವನ ತಾಯಿ ಓಬಕ್ಕ. ಹೊರಟಿದ್ದದ್ದು ದುರುಗೇಶನಿಗೆ ಹೆಣ್ಣು ನೋಡಲು.

"ಮೂರು ಜನ ಹೋಗಬಾರದು ನೋಡ್ರಿ, ಕೆಲಸ ಕೆಡ್ತೈತೆ" ಎಂದರು ತಿಪ್ಪೇರುದ್ರಪ್ಪ. "ನಾಲ್ಕನೇನು ನಮ್ಮ ಅಳಿಯ. ಅವನು ಬರಬೇಕಾಗಿದ್ದು ರೈಲಿಗೆ. ಲೈನ್ ಬಂದಾಗಿ ಚಿಕ್ಕಜಾಜೂರಲ್ಲೇ ಸಿಕ್ಕಂಡವ್ನೆ. ನೀವು ಹೊಸಲು ದಾಟಿ ಒಳಗೆ ಕುಂತು ಎದ್ರೆ ಸಾಕು. ದಾರಿ ಮೇಲಿನ ಊರೇ."

ತನಗೆ ಆಫೀಸಿಗೆ ಹೊತ್ತಾಗುತ್ತದೆ, ಇಲ್ಲೇ ಇಳಿಸಿಬಿಡಿ ಎಂದು ಮೋಹನ್‌ಕುಮಾರ್ ಬೇಡಿಕೊಂಡ. ಓಬಕ್ಕ ಅವನನ್ನು ದಿಟ್ಟಿಸಿದಳು.

"ನಿನಗೆ ಮದುವೆ ಆಗೈತೇನಪ್ಪ?"

"ಆಗೈತಮ್ಮ."

"ಹಂಗಾರೆ ಕಷ್ಟ ಗೊತ್ತಿರ್ತೈತೆ. ಸುಮ್ಕೆ ಕುಂತ್ಕ."

ದಾರಿ ಮೇಲಿನ ಊರು ದಾರಿಯಿಂದ ಸಾಕಷ್ಟು ಒಳಗಿತ್ತು. ಹೆಣ್ಣಿನ ಮನೆ ಬಾಗಿಲಲ್ಲಿ, ನಾಲ್ಕನೆಯವನು ತಪ್ಪಿಸಿಕೊಂಡು ಓಡಿಯಾನು ಎಂಬ ಅನುಮಾನದಿಂದ ತಿಪ್ಪೇರುದ್ರಪ್ಪನವರು ಮೋಹನ್‌ಕುಮಾರನನ್ನೇ ಮೊದಲು ಒಳಗೆ ನೂಕಿದರು. ಅದೇ ಅನರ್ಥಕ್ಕೆ ಕಾರಣವಾಯಿತು. ಇಸ್ತ್ರಿ ಅಂಗಿ, ಕೈಯಲ್ಲಿ ಬ್ಯಾಗು, ಎಲ್ಲರಿಗಿಂತ ಮುಂದೆ ಬಂದ ಗತ್ತು, ಇಷ್ಟನ್ನು ಕಂಡ ಹೆಣ್ಣಿನ ತಂದೆ ಕನಕರಾಜ್ ಇವನೇ ಗಂಡಿನ ಕಡೆಯ ಹಿರಿಯನೆಂದು ತಿಳಿದು ಮನೆಯಲ್ಲಿದ್ದ ಏಕೈಕ ಕೈಕುರ್ಚಿಯಲ್ಲಿ ಕೂರಿಸಿದ. ಸರ್ಕಾರಿ ನೌಕರಿ ಎಂದು ಗೊತ್ತಾದ ಮೇಲಂತೂ ಅವನು ಗಂಡಿನ ಕಡೆ ತಿರುಗಿಯೂ ನೋಡಲಿಲ್ಲ. ದುರುಗೇಶ್ ಬೆಂಚಿನ ತುದಿಯಲ್ಲಿ, ತನ್ನ ಮದುವೆಗೆ ತಾನೇ ಸಾಕ್ಷಿ ಹೇಳಲು ಬಂದವನ ಹಾಗೆ ಕೂತಿದ್ದ.

ಉಪ್ಪಿಟ್ಟು ಬಂತು, ಕೇಸರಿಬಾತು ಬಂತು, ತುಪ್ಪ ಸುರಿಯಿತು. ಕಾಫಿ ಲೋಟಗಳ ತಟ್ಟೆ ಹಿಡಿದು ಹುಡುಗಿ ರೋಜಾ ಬಂದಳು. ಈ ಸೀಮೆಯಲ್ಲಿ ಹೆಣ್ಣು ನೋಡುವುದಕ್ಕೆ ಒಂದು ಕ್ರಮವಿದೆ. ತಿನ್ನಬೇಕು, ಕುಡಿಯಬೇಕು, ಮಳೆ ಬೆಳೆ ಮಾತಾಡಬೇಕು, ಕೊನೆಗೆ ಎಲ್ಲವೂ ಹಿಡಿಸಿದ್ದರೂ ಹಿಡಿಸದ ಮುಖ ಮಾಡಿಕೊಂಡು "ಮನೆಗೆ ಹೋಗಿ ತಿಳಿಸ್ತೀವಿ" ಎಂದು ಏಳಬೇಕು. ಓಬಕ್ಕನಿಗಂತೂ ಇನ್ನೂ ಐದಾರು ಮನೆಯ ಉಪ್ಪಿಟ್ಟು ನೋಡಿಯೇ ತೀರ್ಮಾನಿಸುವ ಇರಾದೆಯಿತ್ತು. ಆದರೆ ಮೋಹನ್‌ಕುಮಾರನ ಕಣ್ಣು ಹುಡುಗಿಯ ಹಿಂದಿನ ಗೋಡೆ ಗಡಿಯಾರದ ಮೇಲಿತ್ತು. ಅವನು ಹಾಗೆ ಎವೆಯಿಕ್ಕದೆ ನೋಡುತ್ತಿದ್ದುದನ್ನು ಕನಕರಾಜ್ ಮೆಚ್ಚುಗೆಯೆಂದೇ ತಿಳಿದ.

"ಹೇಳ್ರಿ ಬೀಗರೆ, ನಿಮ್ಮ ಕಡೆಯಿಂದ ಹೆಂಗೆ?"

"ನಮಗೆ ಒಪ್ಪಿಗೆ" ಎಂದ ಮೋಹನ್‌ಕುಮಾರ್, ಎದ್ದು ನಿಲ್ಲುತ್ತಲೇ. "ಲಗ್ನ ಯಾವಾಗ ಇಟ್ಕಂಡ್ರೂ ಸರಿ. ಕೊಡೋದು ತಗಳೋದು ಏನೂ ಬ್ಯಾಡ. ಹೊರಡಾಣ್ವಾ?"

ಆಫೀಸಿನಲ್ಲಿ ಒಂದು ಕಡತವನ್ನು ಆರು ತಿಂಗಳು ಮಲಗಿಸಬಲ್ಲ ಆ ಮನುಷ್ಯ, ಒಂದು ಮದುವೆಯನ್ನು ಕಾಫಿ ಆರುವ ಮೊದಲೇ ವಿಲೇವಾರಿ ಮಾಡಿಬಿಟ್ಟಿದ್ದ. ಒಳಗಡೆ ಹೆಂಗಸರು ಸಂಭ್ರಮದಿಂದ ಪಾತ್ರೆ ಬೀಳಿಸಿದರು. ರೋಜಾ ತಲೆಯೆತ್ತಿ ನಕ್ಕಳು, ದುರುಗೇಶನೂ ಮೊದಲ ಬಾರಿಗೆ ನಕ್ಕ. ಓಬಕ್ಕನ ಗಂಟಲಲ್ಲಿ ಉಪ್ಪಿಟ್ಟು ನಿಂತಿತು. ಒಪ್ಪುವುದಕ್ಕೆ ನೀನ್ಯಾರು ಎಂದು ಅವಳು ಕೇಳಬಹುದಿತ್ತು. ಕೇಳಿದರೆ, ಹೆಸರೂ ಗೊತ್ತಿಲ್ಲದವನನ್ನು ರಸ್ತೆ ಬದಿಯಿಂದ ಎತ್ತಿಕೊಂಡು ಬಂದಿದ್ದೇವೆಂದು ಬೀಗರ ಮನೆಯಲ್ಲೇ ಒಪ್ಪಿಕೊಳ್ಳಬೇಕಾಗುತ್ತಿತ್ತು. ಅವಳು ಉಪ್ಪಿಟ್ಟನ್ನು ನುಂಗಿದಳು.

ಹಿತ್ತಿಲಲ್ಲಿ ಕೈ ತೊಳೆಯುವ ನೆಪದಲ್ಲಿ ತಿಪ್ಪೇರುದ್ರಪ್ಪನವರು ಅವನನ್ನು ಹಿಡಿದುಕೊಂಡರು.

"ಕಾರು ಇನ್ನು ಮುಂದಕ್ಕೆ ಹೋಗಲ್ಲ ಸಾಮಿ. ನೀವು ಒಂದು ಗಳಿಗೇಲಿ ಮಾಡಿದ್ದನ್ನ ನಮ್ಮಕ್ಕ ಸರಿ ಮಾಡಾಕೆ ಸಂಜೆ ಆಗ್ತೈತೆ. ನೀವು ನಡ್ಕಂಡು ಹೋಗ್ರಿ."

ನಡೆಯಲು ಕನಕರಾಜ್ ಬಿಡಲಿಲ್ಲ. ಇಷ್ಟು ಒಳ್ಳೆಯ ಬೀಗರನ್ನು ಬಿಸಿಲಲ್ಲಿ ಕಳಿಸುವುದುಂಟೆ. ಕುರಿ ಸಾಕುವ ಅವನ ಅಣ್ಣ ಚಿಕ್ಕತಿಮ್ಮಪ್ಪ ಒಂದು ಗೂಡ್ಸ್ ಗಾಡಿ ತುಂಬ ಕುರಿ ಹೇರಿಕೊಂಡು ದುರ್ಗದ ಕಡೆಗೇ ಹೊರಟಿದ್ದ. ಮೋಹನ್‌ಕುಮಾರ್ ಡ್ರೈವರ್ ಪಕ್ಕದ ಬಾಗಿಲು ತೆಗೆದರೆ ಒಳಗೆ ಕೊಂಬು ಸುತ್ತಿದ ದೊಡ್ಡದೊಂದು ಟಗರು ಕೂತಿತ್ತು. ಅದು ಅವನನ್ನು, ಪಾಸ್ ಇದ್ದವರು ಪಾಸ್ ಇಲ್ಲದವರನ್ನು ನೋಡುವ ಹಾಗೆ ನೋಡಿತು.

"ಅದು ಹಿಂದೆ ಹತ್ತಲ್ಲ ಸಾ" ಎಂದ ಚಿಕ್ಕತಿಮ್ಮಪ್ಪ ಸಂಕೋಚದಿಂದ. "ಗಾಳಿ ಬೇಕು ಅದಕ್ಕೆ. ನೀವು ಹಿಂದೆ ಕುರಿ ಸಂಗಡ ನಿಂತ್ಕಳ್ರಿ, ಪಾಪದವು, ಏನೂ ಮಾಡಲ್ಲ."

ಪಾಪದವು ನಿಜ. ಏನೂ ಮಾಡಲ್ಲ ಎಂಬ ಮಾತು ಮಾತ್ರ ನಿಜವಾಗಿರಲಿಲ್ಲ. ಗಾಡಿ ದುರ್ಗ ಮುಟ್ಟುವಷ್ಟರಲ್ಲಿ ಒಂದು ಕುರಿ ಅವನ ಬ್ಯಾಗಿನ ಪಟ್ಟಿಯನ್ನೂ ಇನ್ನೊಂದು ಅಂಗಿಯ ಚುಂಗನ್ನೂ ಅಗಿದು ನೋಡಿದ್ದವು. ಉಳಿದವು ಅವನ ಪ್ಯಾಂಟಿನ ಮೇಲೆ ಮಾಡಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಆಫೀಸಿನ ಮುಂದೆ ಇಳಿದು ಓಡಿದ. ಹೆಬ್ಬೆರಳಿಗೆ ಕೇಸರಿಬಾತಿನ ತುಪ್ಪ ಮೆತ್ತಿಕೊಂಡಿದ್ದರಿಂದ ಹಾಜರಿ ಮೆಷಿನ್ ಮೊದಲು ಅವನನ್ನು ಗುರುತು ಹಿಡಿಯಲಿಲ್ಲ. ಗೋಡೆಗೆ ಉಜ್ಜಿ ಮತ್ತೆ ಒತ್ತಿದ. ಮೆಷಿನ್ ಧನ್ಯವಾದ ಹೇಳಿತು. ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಆಫೀಸಿನ ಹಿಂದಿನ ಬೀದಿಯಲ್ಲೇ ಮನೆ ಇದ್ದ ಸಹೋದ್ಯೋಗಿಗಳು ಎಂದಿನಂತೆ ಇನ್ನೂ ಬಂದಿರಲಿಲ್ಲ. ಉಷಾರಾಣಿಯ ಕುರ್ಚಿಯೂ ಖಾಲಿ. ಮೋಹನ್‌ಕುಮಾರನ ಎದೆ ಹಗುರಾಯಿತು.

ಗೋವಿಂದಯ್ಯ ಸಾಹೇಬರು ಆಗಷ್ಟೇ ಬಂದು ಕೂತಿದ್ದರು. ಅವನು ಒಳಗೆ ಹೋಗುತ್ತಿದ್ದಂತೆ ಮೂಗನ್ನು ಒಮ್ಮೆ ಮುಟ್ಟಿಕೊಂಡು, ಏನಯ್ಯಾ ಇದು ಎಂದು ವಿಚಾರಿಸಿದರು. ಅವನು ಒಂದನ್ನೂ ಬಿಡದೆ ಹೇಳಿದ. ಮೂರು ಬಸ್ಸು, ಒಂದು ಹೆಣ್ಣು ನೋಡುವ ಶಾಸ್ತ್ರ, ಒಂದು ಗಾಡಿ ಕುರಿ. ಹೇಳುತ್ತ ಹೇಳುತ್ತ ತನ್ನ ಕರ್ತವ್ಯನಿಷ್ಠೆಗೆ ತನಗೇ ಕಣ್ಣು ತುಂಬಿಬಂತು. ಸಾಹೇಬರು ಎದ್ದು ಬಂದು, ಸ್ವಲ್ಪ ದೂರದಿಂದಲೇ, ಕೈ ಕುಲುಕಿದರು. ತಮ್ಮ ಸರ್ವೀಸಿನಲ್ಲೇ ಇಂಥ ನೌಕರನನ್ನು ಕಂಡಿಲ್ಲ ಎಂದರು. ಆಮೇಲೆ ಕೂತು, ಪೆನ್ನು ತೆಗೆದು, ಮೇಜಿನ ಮೇಲಿದ್ದ ಆದೇಶಕ್ಕೆ ಸಹಿ ಹಾಕಿದರು.

"ಉಷಾರಾಣಿಯವರನ್ನ ಹೊಳಲ್ಕೆರೆಗೆ ಹಾಕಿದೀನಿ" ಎಂದರು. "ಪಾಪ, ಬಸ್ಸೇ ಸಿಗಲಿಲ್ಲ, ಬರೋಕೇ ಆಗಲ್ಲ ಅಂತ ಮನೆಯಿಂದಲೇ ಫೋನ್ ಮಾಡಿದ್ರು. ಕಷ್ಟ ಅಂದ್ರೆ ಅದಪ್ಪ."

"ಸಾರ್, ನನಗೂ ಕಷ್ಟ..."

"ನಿಮಗೇನ್ರಿ ಕಷ್ಟ? ಲೈನ್ ಬಂದಾದ್ರೂ ಟೈಮಿಗೆ ಸರಿಯಾಗಿ ಬಂದಿದೀರಲ್ಲ. ನಿಮ್ಮನ್ನ ಅಲ್ಲಿಗೆ ಕಳಿಸೋಕೆ ನಾನು ಮೇಲಿನವರಿಗೆ ಯಾವ ಕಾರಣ ಬರೀಲಿ?"

ಸಾಹೇಬರು ಇನ್ನೊಂದು ಮಾತನ್ನೂ ಸೇರಿಸಿದರು. ಉಷಾರಾಣಿಯ ಮೇಜಿನ ಕೆಲಸವನ್ನು ಯಾರಿಗೆ ವಹಿಸುವುದೆಂದು ಆ ಫೋನ್ ಬಂದಾಗಿನಿಂದ ಚಿಂತೆಯಾಗಿತ್ತಂತೆ. ಆ ಚಿಂತೆ ಈಗ ಇಲ್ಲವಂತೆ.

ಅವನು ಹೊರಗೆ ಬಂದು ಎರಡು ಮೇಜುಗಳನ್ನೂ ನೋಡುತ್ತ ನಿಂತಿದ್ದಾಗ ಮೇಘಶ್ರೀಯ ಫೋನ್ ಬಂತು. ಸಾಹೇಬ್ರು ಸಿಕ್ಕಿದ್ರಾ, ಎದುರಿಗೆ ನಿಂತ್ಕಂಡ್ರಾ, ಏನಂದ್ರು ಎಂದು ಒಂದೇ ಉಸಿರಿಗೆ ಕೇಳಿದಳು.

"ನಿಂತ್ಕಂಡೆ ಕಣೆ. ಬಾಳ ಮೆಚ್ಕಂಡ್ರು."

"ನಾನು ಹೇಳ್ಲಿಲ್ವಾ? ಹಂಗಾರೆ ನಾಳೆಯಿಂದ ಮಧ್ಯಾಹ್ನದ ಊಟ ಮನೇಲೇ."

"ಇಲ್ಲ" ಎಂದ ಮೋಹನ್‌ಕುಮಾರ್. "ನಾಳೆಯಿಂದ ಒಂದು ಗಂಟೆ ಮುಂಚೆ ಬುತ್ತಿ ಕಟ್ಟು."