ಬಲಗಣ್ಣಿಗೆ ನಂದಿಬಟ್ಟಲು, ಎಡಗಣ್ಣಿಗೆ ಪನ್ನೀರು

ಊರವರೆಲ್ಲರ ಹಾಗೆ ನಡೆದು, ಕೆಮ್ಮಿ, ಮೂಗೆಳೆದು ತೋರಿಸಿ ನಗಿಸುವವನಿಗೆ ಒಂದು ಸಂಕಟವಿದೆ: ಅವನಿಗೆ ಸ್ವಂತದ್ದೊಂದು ಕಾಯಿಲೆ ಬಂದರೆ ಯಾರೂ ನಂಬುವುದಿಲ್ಲ. ಒಮ್ಮೆ ನಾನು ಹಲ್ಲುನೋವಿನಿಂದ ಕೆನ್ನೆ ಹಿಡಿದು ಕೂತಿದ್ದಾಗ ಹೆತ್ತ ತಾಯಿಯೇ ಐದು ನಿಮಿಷ ದಿಟ್ಟಿಸಿ ನೋಡಿ, "ಇದು ಯಾರೋ? ಗೊತ್ತಾಗ್ಲಿಲ್ವಲ್ಲ" ಎಂದು ಕೇಳಿದ್ದಳು.

ಹಾಗಾಗಿ ಆ ವರ್ಷ ಶಿವರಾತ್ರಿ ಕಳೆದು ಗಾಳಿ ಎದ್ದು ನನ್ನ ಕಣ್ಣು ತುರಿಸತೊಡಗಿದಾಗ ನಾನು ಯಾರಿಗೂ ಹೇಳಲಿಲ್ಲ. ಕಣ್ಣೇ ಹೇಳಿತು. ನನ್ನ ಮನೆ ಶಿವಮೊಗ್ಗದ ಕೋಟೆಯಲ್ಲಿ, ಕೆಲಸ ಭದ್ರಾವತಿಯ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ. ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಬಟ್ಟೆ ಹಾಸಿ, ಅಡಿಯಲ್ಲಿ ಕಾಣುವ ಗೆರೆಗಳ ಮೇಲೆ ಮಸಿಯ ಗೆರೆ ಎಳೆಯುವುದು ನನ್ನ ಕಸುಬು. ಜೀವನದಲ್ಲಿ ನಾನು ನೆಟ್ಟಗೆ ಮಾಡುವುದು ಅದೊಂದೇ. ಆದರೆ ಆ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ಒಂದು ಹನಿ ನೀರು ಬಿದ್ದರೂ ಅಲ್ಲಿ ಬೆಳ್ಳಗೆ ಕಲೆಯಾಗಿ ಇಡೀ ನಕ್ಷೆ ಹಾಳು. ಒಂದು ಸೋಮವಾರ ನನ್ನ ಎರಡು ಕಣ್ಣೂ ಸರದಿಯಂತೆ ಒಂದು ಕ್ರೇನಿನ ನಕ್ಷೆಯ ಮೇಲೆ ಸುರಿದವು. ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಮೊದಲಿಯಾರರು ಬಂದು ನೋಡಿದರು. "ಏನಪ್ಪಾ, ಕ್ರೇನ್ ನೋಡಿದ್ರೆ ಅಳು ಬರ್ತದಾ? ಶನಿವಾರದೊಳಗೆ ಹೊಸದಾಗಿ ಮಾಡು. ಇದೂ ಕೆಟ್ರೆ ಸ್ಟೋರ್ಸಿಗೆ ಕಳಿಸ್ತೀನಿ. ಅಲ್ಲಿ ಬೋಲ್ಟು ಎಣಿಸ್ತಾ ಎಷ್ಟು ಬೇಕಾದ್ರೂ ಅಳು."

ಮನೆಯಲ್ಲಿ ಅಮ್ಮ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಹಾಕಿ ಸೋಸಿ ಕೊಟ್ಟಳು. ಪಕ್ಕದ ಮನೆಯವರು ಬಜಾರಿನ ಅತ್ತರ್ ಅಂಗಡಿಯ ಪನ್ನೀರೇ ಆಗಬೇಕೆಂದರು. ನಾನು ನಕ್ಷೆ ಆಫೀಸಿನವನು, ಅಳೆಯದೆ ಏನನ್ನೂ ಒಪ್ಪುವವನಲ್ಲ. ಬಲಗಣ್ಣಿಗೆ ನಂದಿಬಟ್ಟಲು, ಎಡಗಣ್ಣಿಗೆ ಪನ್ನೀರು ಎಂದು ಹಂಚಿ ಗಂಟೆಗೊಮ್ಮೆ ಕನ್ನಡಿ ನೋಡಿದೆ. ಬಲಗಣ್ಣು ಅರ್ಧ ಗಂಟೆ ತಂಪಾಗಿದ್ದು ಮತ್ತೆ ತುರಿಸಿತು. ಎಡಗಣ್ಣು ಅರ್ಧ ಗಂಟೆ ಮದುವೆಮನೆಯ ಹಾಗೆ ಘಮಘಮಿಸಿ ಮತ್ತೆ ತುರಿಸಿತು. "ನಂದೇ ವಾಸಿ ಅಲ್ವೇನೋ?" ಎಂದು ಅಮ್ಮ ಕೇಳಿದಾಗ ಹೌದೆಂದೆ. ಪಕ್ಕದ ಮನೆಯವರಿಗೆ ಅವರದೇ ವಾಸಿ ಎಂದೆ.

ಇನ್ನು ಉಳಿದದ್ದು ಭದ್ರಾವತಿ ನ್ಯೂ ಟೌನಿನ ಡಿಸ್ಪೆನ್ಸರಿಯ ಡ್ರಾಪ್ಸ್. ಅಲ್ಲಿಗೆ ಹೋಗಲು ನನಗೆ ಮುಖವಿರಲಿಲ್ಲ. ಸಣ್ಣಪುಟ್ಟ ಕಾಯಿಲೆಗೆಲ್ಲ ಔಷಧಿ ಕೊಡುವ ಕಂಪೌಂಡರ್ ಚನ್ನಬಸಪ್ಪನವರಿಗೆ ಮಾತಿನ ನಡುನಡುವೆ ಕಣ್ಣು ಪಟಪಟ ಮಿಟುಕಿಸುವ ಅಭ್ಯಾಸ. "ಶೀಸೆ ಅಲ್ಲಾಡ್ಸಿ," ಮಿಟುಕು, "ಮೂರು ಹೊತ್ತು," ಮಿಟುಕು ಮಿಟುಕು. ಮೂರು ವರ್ಷಗಳಿಂದ ನಮ್ಮ ಆಫೀಸಿನ ಸಮಾರಂಭಗಳಲ್ಲೆಲ್ಲ ನಾನು ಮೊದಲು ಮಾಡಿ ತೋರಿಸಬೇಕೆಂದು ಜನ ಕೇಳುತ್ತಿದ್ದದ್ದು ಈ ಮಿಟುಕನ್ನೇ.

ಶುಕ್ರವಾರ ಬೇರೆ ದಾರಿ ಕಾಣದೆ ಖಾಲಿ ಶೀಸೆ ಹಿಡಿದು ಸಾಲಿನಲ್ಲಿ ನಿಂತೆ. ಕಿಟಕಿಯ ಹತ್ತಿರ ಬಂದು, "ಸಾರ್, ಕಣ್ಣು ತುರಿಸ್ತದೆ" ಎಂದೆ. ನನ್ನ ಕಣ್ಣು ಪಟಪಟ ಹೊಡೆದುಕೊಂಡಿತು. ಅವರದೂ ಹೊಡೆದುಕೊಂಡಿತು. ಹಿಂದಿನ ಸಾಲೆಲ್ಲ ಗೊಳ್ಳೆಂದಿತು.

"ನನ್ನೆದುರಿಗೇ ಮಾಡ್ತೀಯಲ್ಲ ಮಾರಾಯ, ಧೈರ್ಯ ಇದೆ ನಿಂಗೆ."

"ಇಲ್ಲ ಸಾರ್, ದೇವ್ರಾಣೆ ನಿಜ!" ಪಟಪಟ.

"ಮುಂದಿನೋರು ಬರ್ರಪ್ಪಾ."

ನನ್ನ ಬಾಳಿನಲ್ಲಿ ಅಷ್ಟು ಚೆನ್ನಾಗಿ ಇನ್ನೊಬ್ಬರಂತೆ ಮಾಡಿದ್ದೇ ಇಲ್ಲ, ಅದೂ ಬೇಡವಾಗಿದ್ದ ಹೊತ್ತಿನಲ್ಲಿ. ಬಾಗಿಲು ಹಾಕುವ ಹೊತ್ತಿಗೆ, ಸಾಲು ಕರಗಿದ ಮೇಲೆ ಮತ್ತೆ ಹೋದೆ. ಚನ್ನಬಸಪ್ಪನವರು ನನ್ನನ್ನು ಬೆಳಕಿಗೆ ತಿರುಗಿಸಿ ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಅವರ ಬೆರಳು ಮೆತ್ತಗಾಯಿತು. "ಅಯ್ಯೋ, ಕೆಂಡ ಆಗಿದೆಯಲ್ಲೋ. ಏನೇನು ಹಾಕ್ದೆ?" ಹೇಳಿದೆ. ಅವರು ನಕ್ಕರು. "ಇಪ್ಪತ್ತು ವರ್ಷದಿಂದ ನಂಗೂ ಇದೇ ತುರಿ, ಎಲ್ಲ ಹಾಕಿ ನೋಡಿದೀನಿ. ಹೂವಿನ ನೀರು ತಂಪು, ಆದ್ರೆ ಅದ್ರಲ್ಲಿ ಏನು ಕಸ ಇರುತ್ತೋ ಯಾರಿಗ್ಗೊತ್ತು. ಪನ್ನೀರು ಬರೀ ವಾಸನೆ. ಈ ಜಿಂಕ್ ಡ್ರಾಪ್ಸ್ ಉರಿಯುತ್ತೆ, ಆದ್ರೆ ಕೆಂಪು ಇಳಿಸುತ್ತೆ. ಯಾವ್ದೂ ಬೇರು ಕೀಳಲ್ಲ. ಉಜ್ಜಬೇಡ, ತಣ್ಣೀರು ಬಟ್ಟೆ ಇಟ್ಕೋ. ನಿಂಗೆ ಮಳೆ ಬಿದ್ರೆ ಹೋಗುತ್ತೆ."

"ನಿಮಗೆ ಸಾರ್?"

"ನಂಗೆ ಹೋಗ್ಲಿಲ್ಲ." ಶೀಸೆಗೆ ಡ್ರಾಪ್ಸ್ ತುಂಬಿ ಬಿರಡೆ ಹಾಕಿದವರು ಕೊಡದೆ ಕೈಯಲ್ಲೇ ಹಿಡಿದುಕೊಂಡರು. "ಊರಿಗೆಲ್ಲ ತೋರಿಸ್ತೀಯಂತೆ. ನಾನೊಬ್ಬ ನೋಡಿಲ್ಲ. ಮಾಡು."

ಶನಿವಾರದ ಕ್ರೇನು ಅವರ ಮುಷ್ಟಿಯಲ್ಲಿತ್ತು. ಮಾಡಿದೆ. ಅವರು ಪರೀಕ್ಷೆ ಮಾಡುವ ಮೇಷ್ಟರ ಹಾಗೆ ಕೊನೆಯವರೆಗೂ ನೋಡಿದರು.

"ತಪ್ಪು. ನಂದು ಮೊದ್ಲು ಎಡಗಣ್ಣು ಹೊಡ್ಕೊಳ್ಳುತ್ತೆ. ನೀನು ಬಲಗಣ್ಣಿಂದ ಶುರು ಮಾಡ್ತೀಯ."

ನಾನು ಕಲಿತದ್ದು ಕಿಟಕಿಯ ಈಚೆ ಎದುರುಬದುರು ನಿಂತು. ಕನ್ನಡಿಯಲ್ಲಿ ನೋಡಿದಂತೆ ಎಲ್ಲ ತಿರುಗುಮುರುಗು. ಶೀಸೆಯನ್ನು ನನ್ನ ಅಂಗೈಯಲ್ಲಿಟ್ಟು ಅವರು ಕಿಟಕಿ ಮುಚ್ಚಿದರು.

ಡ್ರಾಪ್ಸ್ ಮೆಣಸಿನಕಾಯಿಯಂತೆ ಉರಿಯಿತು, ಅವರು ಹೇಳಿದ ಹಾಗೆ ಕೆಂಪನ್ನೂ ಇಳಿಸಿತು. ಕ್ರೇನಿನ ನಕ್ಷೆ ಒಂದು ಹನಿಯೂ ಬೀಳದೆ ಮುಗಿಯಿತು. ಮೊದಲಿಯಾರರು ಹುಬ್ಬೇರಿಸಿ ಸಹಿ ಹಾಕಿದರು. ಆದರೆ ರೈಲಿನಲ್ಲಿ ಮನೆಗೆ ಬರುವಾಗ ನನಗೆ ಬೇರೊಂದು ಕಡೆ ಚುಚ್ಚುತ್ತಿತ್ತು. ಮೂರು ವರ್ಷ ತಪ್ಪಾಗಿ ಮಾಡಿದರೂ ಒಬ್ಬನಾದರೂ ತಪ್ಪೆನ್ನಲಿಲ್ಲವಲ್ಲ! ನನ್ನ ಅನುಕರಣೆಗೆ ನಗುತ್ತಾರೆಂದು ನಾನು ಬೀಗುತ್ತಿದ್ದೆ. ಅವರು ನಗುತ್ತಿದ್ದದ್ದು ಪಾಪದ ಒಬ್ಬ ಮನುಷ್ಯನ ಉರಿಯುವ ಕಣ್ಣಿಗೆ. ನಾನು ನಡುವೆ ನಿಂತು ಬೆರಳು ತೋರಿಸುತ್ತಿದ್ದೆ, ಅಷ್ಟೆ.

ಈಗಲೂ ಸಮಾರಂಭಗಳಲ್ಲಿ "ಕಂಪೌಂಡರ್! ಕಂಪೌಂಡರ್!" ಎಂದು ಕೂಗುತ್ತಾರೆ. "ಕಣ್ಣಿಗೆ ಡ್ರಾಪ್ಸ್ ಹಾಕಿದೀನಿ, ಮಿಟುಕಿಸೋ ಹಾಗಿಲ್ಲ" ಎನ್ನುತ್ತೇನೆ. ಬೇಸಿಗೆಯಲ್ಲಿ ಅದು ನಿಜ, ಯಾರೂ ನಂಬುವುದಿಲ್ಲ. ಮಳೆಗಾಲದಲ್ಲಿ ಅದು ಶುದ್ಧ ಸುಳ್ಳು, ಎಲ್ಲರೂ ನಂಬಿ "ಪಾಪ" ಅನ್ನುತ್ತಾರೆ.