ಕೆರೆ ಮೇಲೆ ಸ್ಕೂಟರ್ ಓಡಿದ ಕಾಲ

ನೀರಿನ ಪಕ್ಕ ಬದುಕೋರಿಗೆ ನಗು ಬರೋದು ಯಾವಾಗಲೂ ಹೆದರಿಕೆಯ ಬೆನ್ನಿಗೇ. ಎದೆ ಧಸಕ್ ಅಂದಿರುತ್ತೆ, ಅಷ್ಟರಲ್ಲಿ ಯಾರೋ ಒಂದು ಮಾತಾಡ್ತಾರೆ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬರುತ್ತೆ. ಆ ನೀರು ಯಾವುದಕ್ಕೆ ಬಂತು ಅಂತ ಕೇಳಬಾರದು.

ನಮ್ಮ ಯಜಮಾನರು ಕುಣಿಗಲ್ ಕಡೆಯ ಒಂದು ಕೆರೆಯಲ್ಲಿ ಮೀನು ಹಿಡೀತಿದ್ದವರು. ವಯಸ್ಸಲ್ಲಿ ಹುತ್ರಿದುರ್ಗದ ಕಡೆ ಬಂಡೆ ಸಿಡಿಸೋ ಕೆಲಸಕ್ಕೆ ಹೋಗಿ ಎರಡೂ ಕಿವಿ ಕಳ್ಕೊಂಡು ಬಂದರು. ಆಮೇಲೆ ಅವರಿಗೆ ಉಳಿದಿದ್ದು ಬಿದಿರು ಹೆಣೆದು ಟಾರು ಬಳಿದ ದುಂಡು ತೆಪ್ಪ, ಒಂದು ಬಲೆ, ಆ ನೀರು. ನೆಲದ ಮೇಲೆ ಜನ ಅವರ ಕಿವಿ ಹತ್ರ ಬಾಯಿಟ್ಟು ಕಿರುಚೋರು, ಇವರು ತಲೆ ತಗ್ಗಿಸ್ಕೊಂಡು ಹೋಗೋರು. ನೀರಿನ ಮೇಲೆ ಯಾರೂ ಮಾತಾಡಿಸಲ್ಲ. ಅಲ್ಲಿ ಅವರು ಯಾರಿಗೂ ಕಮ್ಮಿ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಂಥ ನೀರಿಗೆ ಪ್ರವಾಸೋದ್ಯಮ ಇಲಾಖೆಯಿಂದ ಮೂರು ವಾಟರ್ ಸ್ಕೂಟರ್ ಬಂದವು. ಚಕ್ರ ಇಲ್ಲ. ಹೊಟ್ಟೆ ಕೆಳಗಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸ್ಕೊಂಡು ಓಡೋವು. ತುಮಕೂರು, ಗುಬ್ಬಿ ಎಲ್ಲಾ ಕಡೆಯಿಂದ ಜನ ಮುಗಿಬಿದ್ದರು. ಬಂದವರಿಗೆ ಲೈಫ್ ಜಾಕೆಟ್ ತೊಡಿಸೋದು, ಬಿಚ್ಚಿದ್ದನ್ನ ಒಣಗಿಸೋದು, ಆ ಕೆಲಸ ನಾನೇ ಕೇಳಿ ತಗೊಂಡೆ. ದಡದ ಕಟ್ಟೆ ಮೇಲೆ ಕೂತರೆ ಯಜಮಾನರ ತೆಪ್ಪ ಕಣ್ಣಿಗೆ ಬೀಳೋದು. ಹಿಂದಿನಿಂದ ಸ್ಕೂಟರ್ ಬಂದರೆ ಅವರಿಗೆ ಕೇಳಲ್ಲವಲ್ಲ.

ಗಡಿ

ಇಲಾಖೆಯ ಮ್ಯಾನೇಜರು ಕೆರೆ ನಡುವೆ ಹಗ್ಗ ಎಳೆದು ಕೆಂಪು ಡ್ರಮ್ ತೇಲಿಬಿಟ್ಟರು. ಈಚೆ ಸ್ಕೂಟರು, ಆಚೆ ಮೀನು. ನಾನು ಗಂಗಮ್ಮನಿಗೆ ಕೈ ಮುಗಿದೆ.

ಒಂದು ದಿನ ಜೋರು ಗಾಳಿ. ಹಗ್ಗದ ಒಂದು ತುದಿ ಕಿತ್ಕೊಂಡು ಡ್ರಮ್ಮುಗಳೆಲ್ಲ ಸಾಲಾಗಿ ಹೊರಟವು. ಯಜಮಾನರು ಬೆನ್ನು ಮಾಡಿ ಬಲೆ ಬಿಡಿಸ್ತಾ ಕೂತಿದ್ದಾರೆ, ಸುತ್ತ ಸ್ಕೂಟರ್ ಕಣಜದ ಹುಳದ ಹಂಗೆ ಸುತ್ತುತಿವೆ. ನನಗೆ ಜೀವ ಬಾಯಿಗೆ ಬಂತು.

ಯಜಮಾನರು ದಡಕ್ಕೆ ಬಂದಾಗ ಮ್ಯಾನೇಜರು ಕೈಬಾಯಿ ಆಡಿಸಿ ಗದರಿಸಿದರು, "ಗಡಿ ಯಾಕಜ್ಜ ದಾಟ್ದೆ?"

ನಾನು ಸನ್ನೆ ಮಾಡಿ ತಿಳಿಸಿದೆ. ಕಿವಿ ಕೇಳದವರ ದನಿ ಜೋರು, ಏರಿ ಮೇಲಿದ್ದವರಿಗೆಲ್ಲ ಕೇಳೋ ಹಂಗೆ ಅಂದರು: "ನಾನ್ ಬೆಳಿಗ್ಗೆಯಿಂದ ಕೂತ್ ಜಾಗ ಬಿಟ್ಟಿಲ್ಲ ಸ್ವಾಮಿ. ನಿಮ್ ಗಡಿನೇ ಬಂದು ನನ್ ದಾಟ್ಕೊಂಡು ಹೋಯ್ತು!"

ಸೀಟಿ

ಮ್ಯಾನೇಜರು ಕೆಟ್ಟವರಲ್ಲ. ಯೋಚನೆ ಮಾಡಿ ಸ್ಕೂಟರ್ ಓಡಿಸೋರಿಗೆಲ್ಲ ಒಂದೊಂದು ಸೀಟಿ ಕೊಟ್ಟರು. "ತೆಪ್ಪದ ಹತ್ರ ಬಂದಾಗ ಊದಿ."

"ಸಾರ್, ಅವರಿಗೆ ಕಿವಿ ಕೇಳಲ್ಲ," ಅಂದೆ.

ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. "ಹಂಗಾದ್ರೆ ಎರಡು ಸಲ ಊದ್ಲಿ."

ಇದು ಆಗದ ಮಾತು ಅಂತ ನಾನೇ ಒಂದು ಕೆಂಪು ದುಪ್ಪಟಿ ಕೋಲಿಗೆ ಕಟ್ಕೊಂಡೆ. ಅದನ್ನ ಎತ್ತಿದರೆ ಸ್ಕೂಟರುಗಳು ಇದ್ದಲ್ಲೇ ನಿಲ್ಲಬೇಕು. ಅದನ್ನ ಎಲ್ಲರೂ ಪಾಲಿಸಿದರು.

ಒಂದು ಭಾನುವಾರ ಉಪ್ಪಾರಹಳ್ಳಿಯಿಂದ ಒಂದು ದೊಡ್ಡ ಸಂಸಾರ ಬಂತು. ಊಟ ಮುಗಿಸಿ, ಚಿತ್ರಾನ್ನದ ಅಗುಳು ಉದುರಲಿ ಅಂತ ಕೆಂಪು ಜಮಖಾನ ಎತ್ತಿ ಕೊಡವಿದರು. ಮೂರೂ ಸ್ಕೂಟರ್ ನಡುಕೆರೆಯಲ್ಲಿ ಗಕ್ಕನೆ ನಿಂತವು. ಇವರು ಜಮಖಾನ ಬೇಲಿ ಮೇಲೆ ಬಿಸಿಲಿಗೆ ಹರವಿ ಅಡ್ಡಾದರು. ಅಲ್ಲಿ ನೀರಲ್ಲಿ ಸ್ಕೂಟರಿನವರು ಬಿಸಿಲಲ್ಲಿ ಬೇಯ್ತಾ ಕೂತರು.

ಮ್ಯಾನೇಜರು ಬೆವರಿಳಿಸ್ಕೊಂಡು ಓಡಿ ಬಂದು ವಿಷಯ ಹೇಳಿದರೆ, ಆ ಮನೆಯ ಮುದುಕಮ್ಮ ಮಲಗಿದ್ದಲ್ಲಿಂದಲೇ ಅಂದಳು: "ಉಂಡ್ ಮೇಲೆ ಅರ್ಧ ಗಂಟೆ ಯಾರೂ ನೀರಿಗಿಳೀಬಾರ್ದು ಕಣಪ್ಪ. ಒಳ್ಳೇ ಪದ್ಧತಿ ಇಟ್ಟಿದೀರ."

ದೊಡ್ಡ ಮೀನು

ನಾನು ಹೆದರಿದ್ದು ಒಂದು ದಿನ ಆಗೇ ಹೋಯ್ತು. ಅಂತರಸನಹಳ್ಳಿ ಫ್ಯಾಕ್ಟರಿ ಕಡೆಯವನೊಬ್ಬ ವಾರದ ರಜೆಗೆ ಬಂದಿದ್ದ. ನಾನೊಂದು ಕೂಸಿಗೆ ಜಾಕೆಟ್ ಬಿಗೀತಿದ್ದೆ, ತಲೆ ಎತ್ತೋದ್ರೊಳಗೆ ಅವನ ಸ್ಕೂಟರ್ ತೆಪ್ಪದ ಅಂಚಿಗೆ ಬಡಿದು ಹಾರಿಹೋಗಿತ್ತು. ತೆಪ್ಪ ಬುಗುರಿ ಹಂಗೆ ತಿರುಗ್ತಿದೆ. ಅದರೊಳಗೆ ಅವರು ಇದ್ದಾರೋ ಇಲ್ಲವೋ ಕಾಣ್ತಿಲ್ಲ. ಕೆಂಪು ದುಪ್ಪಟಿ ಎತ್ಕೊಂಡು ನೀರಂಚಿಗೆ ಓಡಿದೆ. ಕೂಗೋಣ ಅಂದರೆ ಯಾರನ್ನ ಕೂಗೋದು? ಕೇಳಬೇಕಾದವರಿಗೆ ಕಿವಿ ಇಲ್ಲ.

ತೆಪ್ಪ ನಿಂತಿತು. ಒಳಗಿಂದ ಬಿಳೀ ತಲೆ ಮೇಲೆ ಬಂತು. ಬಗ್ಗಿ ನೀರೊಳಗೆ ನೋಡಿ, ಮತ್ತೆ ಬಲೆ ಎಳೆಯೋಕೆ ಶುರು ಮಾಡಿದರು.

ಸಾಯಂಕಾಲ ದಡ ಹತ್ತಿದಾಗ ಮುಖ ಅರಳಿತ್ತು. "ಇವತ್ತೊಂದು ಮೀನು ಬಡೀತು ಕಣೇ! ತೆಪ್ಪಾನೇ ತಿರುಗಿಸಿಬಿಡ್ತು. ಈ ಕೆರೇಲಿ ಅಂಥಾದ್ದು ನಾ ಕಂಡಿಲ್ಲ."

ಅದು ಮೀನಲ್ಲ ಅಂತ ಸನ್ನೆ ಮಾಡೋಕೆ ನನ್ನ ಕೈ ಏಳಲಿಲ್ಲ. ಅತ್ತೂ ಅತ್ತೂ ಬಾತಿದ್ದ ನನ್ನ ಮುಖ ನೋಡಿ ಹೆಗಲು ತಟ್ಟಿದರು: "ಸಿಕ್ಕಿಲ್ಲ ಅಂತ ಅಳ್ಬೇಡ ಬುಡು. ನಾಳೆ ದೊಡ್ಡ ಬಲೆ ತಗೊಂಡು ಅಲ್ಲೇ ಕಾಯ್ತೀನಿ."

ಬಾಗಿನ

ಇದಾದ ವಾರಕ್ಕೆ ಇಲಾಖೆಯ ಸಾಹೇಬರೊಬ್ಬರು ಜೀಪಲ್ಲಿ ಬಂದು ಒಂದು ಕಾಗದ ಕೊಟ್ಟರು. ಸಾರ್ವಜನಿಕರ ಸುರಕ್ಷತೆಗಾಗಿ ಇನ್ನು ಆ ಕೆರೆಗೆ ತೆಪ್ಪ ಇಳಿಸಬಾರದು ಅಂತ ಬರೆದಿದೆ ಅಂದರು. ಗುದ್ದಿದ್ದು ಸ್ಕೂಟರು, ಗಡೀಪಾರಾಗಿದ್ದು ತೆಪ್ಪ. ಯಜಮಾನರು ತೆಪ್ಪ ಬೋರಲು ಹಾಕಿ ಅದರ ಪಕ್ಕ ಕೂತವರು ಕೂತೇ ಇದ್ದರು. ಮುದ್ದೆ ಬಡಿಸಿದರೆ ಮುರಿದು ಹಂಗೇ ಬಿಡೋರು. ಹೆದರಿಕೆ ತಪ್ಪಿತು ಅಂತ ನಾನು ಸಂತೋಷಪಡಬೇಕಿತ್ತು. ಆಗಲಿಲ್ಲ. ನೀರಲ್ಲಿದ್ದರೆ ಸ್ಕೂಟರ್ ಕೊಲ್ಲುತ್ತೆ, ದಡದಲ್ಲಿದ್ದರೆ ದಡವೇ ಕೊಲ್ಲುತ್ತೆ ಅನ್ನಿಸಿತು.

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಮುಖಂಡರೊಬ್ಬರು ಬಾಗಿನ ಬಿಡೋಕೆ ಬಂದರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ತೆಂಗಿನಕಾಯಿ, ಒಂದು ಹಸಿರು ಸೀರೆ. ಎಲ್ಲರೂ ದಡದಲ್ಲಿ ನಿಂತು ಬಿಡೋದು ರೂಢಿ. ಮ್ಯಾನೇಜರು ಅಂದರು, "ಸಾರ್, ಸ್ಕೂಟರ್ ಮೇಲೆ ನಡುಕೆರೆಗೆ ಹೋಗಿ ಬಿಡೋಣ. ಫೋಟೋ ಚೆನ್ನಾಗಿ ಬರುತ್ತೆ."

ಹೋದರು. ಮ್ಯಾನೇಜರು ಮುಂದೆ, ಮುಖಂಡರು ಹಿಂದೆ, ತಲೆ ಮೇಲೆ ಮೊರ. ಬಿಟ್ಟರು, ಕೈ ಮುಗಿದರು, ತಿರುಗಿದರು. ಸ್ಕೂಟರ್ ಬಾಗಿನದ ಸೀರೆಯನ್ನ ಸರ್ರನೆ ಒಳಕ್ಕೆ ಎಳ್ಕೊಂಡು, ಎರಡು ಸಲ ಕೆಮ್ಮಿ ನಿಂತುಹೋಯ್ತು. ನಿಂತದ್ದು ಮೆಲ್ಲಗೆ ನೀರು ಧುಮುಕೋ ಕೋಡಿ ಕಡೆ ಜಾರೋಕೆ ಶುರುವಾಯ್ತು. ಮಿಕ್ಕ ಸ್ಕೂಟರಿನವರು ಆ ಸೆಳೆತ ನೋಡಿ ಹತ್ತಿರ ಹೋಗಲಿಲ್ಲ.

ಏರಿ ಮೇಲೆ ಕೂಗಾಟ. ನಾನು ಯಜಮಾನರ ತೋಳು ಹಿಡಿದು ಎಳೆದು ತೋರಿಸಿದೆ. ಅವರು ಒಂದೇ ಸಲ ನೋಡಿದರು. ತೆಪ್ಪ ಮಗುಚಿ ನೀರಿಗೆ ನೂಕಿದರು.

ಕಾಗದ ತಂದುಕೊಟ್ಟಿದ್ದ ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. "ತಡೀರಿ, ನಿಷೇಧ ಐತೆ! ತುಮಕೂರಿಗೆ ಫೋನ್ ಮಾಡಿ ಕೇಳ್ತೀನಿ!" ಅವರಿಗೆ ಲೈನ್ ಸಿಗೋದ್ರೊಳಗೆ ಮ್ಯಾನೇಜರು, ಮುಖಂಡರು ಇಬ್ಬರೂ ತೆಪ್ಪದೊಳಗಿದ್ದರು, ಸ್ಕೂಟರ್ ಹಗ್ಗಕ್ಕೆ ಬಿಗಿಸ್ಕೊಂಡು ಹಿಂದೆ ಬರ್ತಿತ್ತು. ಮುಖಂಡರು ಜನಕ್ಕೆ ಕೈ ಬೀಸೋಣ ಅಂತ ಎದ್ದು ನಿಂತರು. ಯಜಮಾನರು ತೆಪ್ಪದ ಹುಟ್ಟು ಎತ್ತಿ ಅವರ ಮೊಣಕಾಲಿಗೆ ಒಂದು ತಟ್ಟಿ ಅಂದದ್ದು ಎಲ್ಲರಿಗೂ ಕೇಳಿಸ್ತು: "ಕೂತ್ಕೊಳ್ಳೋ! ಮೂರು ಜನಾನೂ ಸಾಯ್ಬೇಕಾ?"

ದಡಕ್ಕೆ ಬಂದ ಮುಖಂಡರು ಯಜಮಾನರ ಎರಡೂ ಕೈ ಹಿಡ್ಕೊಂಡರು. "ಅಜ್ಜ, ಏನ್ ಬೇಕು ಕೇಳು. ಇವತ್ತು ಇಲ್ಲ ಅನ್ನಲ್ಲ."

ನಿಷೇಧ ತೆಗೆಸೋಕೆ ಇದೇ ಸಮಯ. ಕೆರೆ ತೋರಿಸಿದೆ, ತೆಪ್ಪ ತೋರಿಸಿದೆ, ಕೇಳಿ ಕೇಳಿ ಅಂತ ಕೈ ಜೋಡಿಸಿದೆ. ಯಜಮಾನರು ತಲೆಯಾಡಿಸಿ, ಸ್ಕೂಟರ್ ಕಡೆ ಬೆರಳು ತೋರಿಸಿ ಅಂದರು:

"ಗಂಗಮ್ಮಂಗೆ ಕೊಟ್ ಸೀರೇನ ನಿಮ್ ಗಾಡಿ ಉಟ್ಕೊಂಡೈತೆ. ಬಿಚ್ಸಿ ಕೊಡಿ."

ನಾನು ಹಣೆ ಚಚ್ಚಿಕೊಂಡೆ. ಮುಖಂಡರು ಮಾತು ಕೊಟ್ಟಿದ್ದರಲ್ಲ, "ಬಿಚ್ಸಿ ತಂದ್ಕೊಡ್ರಿ!" ಅಂತ ಸಾಹೇಬರಿಗೆ ಗದರಿದರು. ಇಲ್ಲಿ ಯಾರ ಕೈಲೂ ಆಗಲಿಲ್ಲ. ಮಿಕ್ಕವಕ್ಕೂ ಒಂದು ಸರ್ವಿಸ್ ಆಗಲಿ ಅಂತ ಮೂರೂ ಸ್ಕೂಟರ್ ಲಾರಿಗೆ ಹೇರಿ ರಿಪೇರಿಗೆ ಒಯ್ದರು. ಒಯ್ದವು ಬರಲೇ ಇಲ್ಲ, ನನ್ನ ಕೆಲಸವೂ ಹೋಯ್ತು. ನಿಷೇಧದ ಕಾಗದವನ್ನ ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ, ಯಜಮಾನರು ತೆಪ್ಪ ಇಳಿಸೋದೂ ಬಿಡಲಿಲ್ಲ. ಅದನ್ನ ಜಾರಿ ಮಾಡೋಕೆ ಸಾಹೇಬರ ಜೀಪು ಆಗಾಗ ಏರಿ ಮೇಲೆ ಬರೋದು. ನಮ್ಮವರು ಕಣ್ಣು ಮುಚ್ಚೋ ವರ್ಷದ ತನಕ, ಜೀಪು ಕಂಡಾಗೆಲ್ಲ ನಡುನೀರಲ್ಲಿ ಹುಟ್ಟು ನಿಲ್ಲಿಸಿ ಊರಿಗೆಲ್ಲ ಕೇಳೋ ಹಂಗೆ ಕೂಗೋರು:

"ಸೀರೆ ತಂದ್ರಾ?"

ಜೀಪು ನಿಲ್ತಾನೂ ಇರಲಿಲ್ಲ, ಹಂಗೇ ರಿವರ್ಸ್ ಹೋಗೋದು.